ಸೂರ್ಯಕಾಂತಿ ಎಷ್ಟು ತಾಳೀತು?

ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ಬಿಡುಗಡೆ ಮಾಡಿದ ಬಿಎಸ್‌ಎಚ್-1, ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್. ತಳಿ ರೂಪಿಸಲು ತೋರಿದಷ್ಟೇ ಆಸ್ಥೆ, ಆ ಬೆಳೆ ಕಳೆನಾಶಕವನ್ನು ಎಷ್ಟು ತಾಳುತ್ತದೆ ಎಂದು ಪರೀಕ್ಷಿಸುವಾಗಲೂ ಬೇಕು. ಈ ಪರೀಕ್ಷೆಯ ಕ್ರಮ ಗಟ್ಟಿಯಾಗಿದೆ. ಆದರೆ ಅದರ ನೋಟ ತಾಕಿನ ಬದುವಿನಲ್ಲೇ ನಿಂತುಬಿಡುತ್ತದೆ.

ಮೊದಲು ಮೆಚ್ಚಬೇಕಾದ್ದು. ಒಂದು ತಾಕಿಗೆ ಶಿಫಾರಸಿನ ಪ್ರಮಾಣ, ಇನ್ನೊಂದಕ್ಕೆ ಅದರ ಎರಡರಷ್ಟು, ಮತ್ತೊಂದಕ್ಕೆ ಔಷಧಿಯೇ ಇಲ್ಲ. ಗಿಡಕ್ಕಾದ ಹಾನಿಗೆ 0ಯಿಂದ 10ರವರೆಗೆ ಅಂಕ. ಕೊನೆಗೆ ಇಳುವರಿಯ ತೂಕ. ಬೆನ್ನಿಗೆ ಹೊತ್ತ ಪಂಪಿನಲ್ಲಿ ಹೊಡೆಯುವಾಗ ಸಾಲಿನ ತಿರುವಿನಲ್ಲಿ ಔಷಧಿ ಎರಡು ಸಲ ಬೀಳುವುದುಂಟು. ಎರಡರಷ್ಟು ಪ್ರಮಾಣದ ತಾಕು ಅದಕ್ಕೇ ಇರುವುದು. ಒಳ್ಳೆಯ ಪರೀಕ್ಷೆಯಲ್ಲಿ ಎಲ್ಲ ತಾಕುಗಳ ಕಳೆಯನ್ನೂ ಕೈಯಿಂದ ಕೀಳಿಸುತ್ತಾರೆ. ಇಲ್ಲವಾದರೆ ಕಳೆ ಸತ್ತ ಲಾಭದಲ್ಲಿ ಬೆಳೆಗಾದ ಪೆಟ್ಟು ಮುಚ್ಚಿಹೋಗುತ್ತದೆ.

ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆಯ ಕೆಂಪು ನೆಲಕ್ಕೆ ಬಂದರೆ ಪ್ರಶ್ನೆಗಳು ಏಳುತ್ತವೆ. ಬಿತ್ತಿದ ಮೂರು ದಿನದೊಳಗೆ ಹೊಡೆಯುವ ಪೆಂಡಿಮೆಥಾಲಿನ್ ಅನ್ನೇ ನೋಡಿ. ಹೆಕ್ಟೇರಿಗೆ 1 ಕಿಲೋ ಸಕ್ರಿಯಾಂಶ, ಅಂದರೆ ಶೇ 30ರ ಔಷಧಿ ಎಕರೆಗೆ ಸುಮಾರು 1.3 ಲೀಟರ್. ಅದು ಮಣ್ಣಿನ ಮೇಲ್ಪದರದಲ್ಲೇ ಉಳಿದು, ಬೀಜ ಕೆಳಗೆ ಇರುವುದರಿಂದಲೇ ಬೆಳೆ ಬಹುಮಟ್ಟಿಗೆ ಬಚಾವಾಗುತ್ತದೆ. ಜೇಡಿಯೂ ಸಾವಯವ ಅಂಶವೂ ಕಡಿಮೆ ಇರುವ ಮರಳು ಮಿಶ್ರಿತ ನೆಲ ಔಷಧಿಯನ್ನು ಕಪ್ಪು ಮಣ್ಣಿನಷ್ಟು ಹಿಡಿದಿಡದು. ಬಿತ್ತಿದ ಬೆನ್ನಿಗೇ ಜೋರು ಮಳೆ ಬಂದರೆ, ಮೇಲೇ ಬಿತ್ತಿದ ಬೀಜಕ್ಕೂ ಅದು ತಾಗುತ್ತದೆ. ಆಗ ಬೇರಿನ ತುದಿ ಮೊಂಡಾಗಿ ಊದಿಕೊಳ್ಳುತ್ತದೆ. ಎಲೆ ನೋಡಿ ಅಂಕ ಹಾಕುವವರ ಕಣ್ಣಿಗೆ ಇದು ಬೀಳುವುದಿಲ್ಲ. ಪ್ರತಿ ತಾಕಿನಿಂದ ಕೆಲವು ಸಸಿ ಕಿತ್ತು ಬೇರು ತೊಳೆದು ನೋಡುವುದು ಕಡ್ಡಾಯವಾಗಬೇಕು.

ಎರಡನೆಯ ಕೊರತೆ ಪಕ್ಕದ ಹೊಲದ್ದು. ರಾಗಿ, ಭತ್ತ, ಕಬ್ಬಿನಲ್ಲಿ ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿ, ಅಗಲ ಎಲೆಯದೇ ಆದ ಸೂರ್ಯಕಾಂತಿಗೆ ವಿಷ. ಗಾಳಿಗೆ ತೇಲಿಬಂದ ಅಲ್ಪಾಂಶಕ್ಕೇ ಕಾಂಡ ತಿರುಚಿ, ಎಲೆ ಮುದುಡುತ್ತದೆ. ಶಿಫಾರಸಿನ ಪ್ರಮಾಣವನ್ನೂ ಅದರ ಇಮ್ಮಡಿಯನ್ನೂ ಅಳೆಯುವಂತೆ, ಗಾಳಿಯಲ್ಲಿ ಬರುವ ನೂರನೆಯ ಒಂದು ಪಾಲನ್ನೂ ಅಳೆಯಬೇಕಲ್ಲವೇ?

ಹೊರದೇಶಗಳು ಬೇರೆ ದಾರಿ ಹಿಡಿದಿವೆ. 1996ರಲ್ಲಿ ಅಮೆರಿಕದ ಕಾನ್ಸಾಸ್‌ನ ಸೋಯಾ ಹೊಲವೊಂದರಲ್ಲಿ ಇಮಿಡಜೋಲಿನೋನ್ ಗುಂಪಿನ ಕಳೆನಾಶಕಕ್ಕೂ ಸಾಯದ ಕಾಡು ಸೂರ್ಯಕಾಂತಿ ಕಂಡಿತು. ಆ ಗುಣವನ್ನು ಸಂಕರಣದಿಂದ ಬೆಳೆಗೆ ತಂದು 2003ರ ಹೊತ್ತಿಗೆ ಮಾರುಕಟ್ಟೆಗೆ ಬಿಟ್ಟರು. ಸಾಧನೆ ದೊಡ್ಡದೇ. ಆದರೆ ಆ ಗುಂಪಿನ ಕೆಲವು ಔಷಧಿಗಳ ಶೇಷ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸೂರ್ಯಕಾಂತಿ ತಾಳಿತೆಂದು, ಮುಂದೆ ಅದೇ ನೆಲದಲ್ಲಿ ಬಿತ್ತುವ ರಾಗಿ ತಾಳೀತೆಂಬ ಭರವಸೆಯಿಲ್ಲ.

ಆದ್ದರಿಂದ ಪರೀಕ್ಷೆ ಕೇಂದ್ರದ ತಾಕಿನಲ್ಲಿ ಮುಗಿಯದೆ ರೈತರ ಖುಷ್ಕಿ ಹೊಲಕ್ಕೂ ಬರಲಿ. ಕೊಯ್ಲಿನ ನಂತರ ಅದೇ ಗುರುತಿನ ತಾಕುಗಳಲ್ಲಿ ರಾಗಿಯನ್ನೋ ಹುರುಳಿಯನ್ನೋ ಬಿತ್ತಿ ನೋಡಲಿ. ಬಿತ್ತನೆಯ ಆಳ, ಮಣ್ಣಿನ ಬಗೆ, ಮಳೆ ಬಂದ ದಿನ ಇವೂ ಶಿಫಾರಸಿನ ಚೀಟಿಯಲ್ಲಿ ಅಚ್ಚಾಗಲಿ. ಮಳೆ ನಂಬಿ ಬಿತ್ತುವವನಿಗೆ ಎಕರೆಗೆ ಎಷ್ಟು ಲೀಟರ್ ಎಂಬುದರ ಜೊತೆಗೆ, ಯಾವಾಗ ಹೊಡೆಯಬಾರದು ಎಂಬುದನ್ನೂ ಹೇಳುವ ಪರೀಕ್ಷೆಯೇ ಪೂರ್ತಿಯಾದದ್ದು.