ಕಳಲೆಯ ನಂಜರಾಜನ ಎರಡು ಕೀರ್ತಿಗಳು

ಆಶ್ರಯದಾತನನ್ನು ಹೊಗಳಿ ಕವಿಗಳು ಕಾವ್ಯ ರಚಿಸಿದುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ಕಾವ್ಯದ ಗುಣದೋಷಗಳನ್ನು ನಿರ್ಣಯಿಸಬೇಕಾದ ಶಾಸ್ತ್ರಗ್ರಂಥವೇ ಸ್ತುತಿಪಾಠವಾದರೆ ರಸಿಕರು ತುಸು ವಿಚಾರ ಮಾಡಬೇಕಾಗುವದು. ಹದಿನೆಂಟನೆಯ ಶತಮಾನದ ಮೈಸೂರಿನ ಸರ್ವಾಧಿಕಾರಿ, ಕಳಲೆಯ ನಂಜರಾಜಯ್ಯನ ವಿಷಯದಲ್ಲಿ ಹೀಗಾಗಿರುವದು.

ಇಮ್ಮಡಿ ಕೃಷ್ಣರಾಜ ಒಡೆಯರು (1734–1766) ಹೆಸರಿಗೆ ಮಾತ್ರ ಅರಸರು. ರಾಜ್ಯಸೂತ್ರವು ದಳವಾಯಿ ದೇವರಾಜಯ್ಯ, ನಂಜರಾಜಯ್ಯ ಎಂಬ ಅಣ್ಣತಮ್ಮಂದಿರ ಕೈಯಲ್ಲಿದ್ದಿತು. 1752ರಲ್ಲಿ ಮಹಮ್ಮದ ಅಲಿಯ ವಚನವನ್ನು ನಂಬಿ ನಂಜರಾಜನು ತಿರುಚಿನಾಪಳ್ಳಿಗೆ ದಂಡೆತ್ತಿ ಹೋದನು. ಕೊಡುವೆನೆಂದ ಕೋಟೆಯು ದೊರೆಯಲಿಲ್ಲ. ಬೊಕ್ಕಸ ಮಾತ್ರ ಬರಿದಾಯಿತು. ಆತನ ಆಶ್ರಯದಲ್ಲಿಯೇ ಮೇಲೇರಿದ ಹೈದರನು ಆತನ ಅಧಿಕಾರವನ್ನು ಕಸಿದುಕೊಂಡನು. 1773ರಲ್ಲಿ ಆತನು ಸೆರೆಯಲ್ಲಿಯೇ ತೀರಿಕೊಂಡನು.

ಇಂಥವನ ಯಶಸ್ಸನ್ನೇ ವಸ್ತುವಾಗಿಟ್ಟುಕೊಂಡು ‘ಅಭಿನವ ಕಾಳಿದಾಸ’ನೆನಿಸಿದ ನೃಸಿಂಹಕವಿಯು ಸಂಸ್ಕೃತದಲ್ಲಿ ‘ನಂಜರಾಜಯಶೋಭೂಷಣ’ವನ್ನು ರಚಿಸಿದನು. ವಿದ್ಯಾನಾಥನ ‘ಪ್ರತಾಪರುದ್ರಯಶೋಭೂಷಣ’ವು ಇದಕ್ಕೆ ಮೇಲ್ಪಂಕ್ತಿ. ಲಕ್ಷಣಗಳಿಗೆ ಕೊಟ್ಟ ಉದಾಹರಣೆಗಳಲ್ಲಿ ನಂಜರಾಜನೇ ನಾಯಕ. ನಾಟಕಲಕ್ಷಣಕ್ಕೆ ಸೇರಿಸಿದ ನಾಟಕದಲ್ಲಿಯೂ ಆತನೇ ನಾಯಕ. ಕವಿಯ ಪಾಂಡಿತ್ಯವು ದೊಡ್ಡದೇ ಸರಿ. ಆದರೆ ನಾಯಕನ ದೋಷವನ್ನು ಕಾಣಲೊಲ್ಲದ ಶಾಸ್ತ್ರವು ಅಳೆಯುವ ಕೋಲಾಗದೆ ಅಲಂಕಾರದ ಕೋಲಾಗುವದು. 1930ರಲ್ಲಿ ಬಡೋದೆಯ ಗ್ರಂಥಮಾಲೆಯಲ್ಲಿ ಅಚ್ಚಾದ ಈ ಗ್ರಂಥದಿಂದಲೇ ಪಂಡಿತರು ಆತನ ಹೆಸರನ್ನು ಹೆಚ್ಚಾಗಿ ಬಲ್ಲರು.

ನಂಜರಾಜನ ನಿಜವಾದ ಕೀರ್ತಿ ಬೇರೆಡೆಯಲ್ಲಿರುವದೆಂದು ನಮ್ಮ ಮತ. ಜಯದೇವನ ಮಾದರಿಯಲ್ಲಿ ‘ಸಂಗೀತಗಂಗಾಧರ’ವನ್ನು ಸಂಸ್ಕೃತದಲ್ಲಿ ಬರೆಯಬಲ್ಲವನಾಗಿದ್ದೂ ಆತನು ಮಧುರೆಯ ಶಿವಲೀಲೆಗಳ ‘ಹಾಲಾಸ್ಯಮಾಹಾತ್ಮ್ಯ’ವನ್ನೂ ಶಿವಗಂಗೆಯ ‘ಕಕುದ್ಗಿರಿಮಾಹಾತ್ಮ್ಯ’ವನ್ನೂ ಕನ್ನಡ ಗದ್ಯಕ್ಕೆ ತಂದನು. ಇವು ಸ್ವತಂತ್ರ ಕಲ್ಪನೆಯ ಕೃತಿಗಳಲ್ಲ. ಸ್ಥಳಪುರಾಣಗಳ ಕನ್ನಡ ರೂಪಗಳು. ಆದರೂ ಪದ್ಯಕ್ಕೇ ಮನ್ನಣೆಯಿದ್ದ ಕಾಲದಲ್ಲಿ ಅಧಿಕಾರಸ್ಥನೊಬ್ಬನು ಗದ್ಯವನ್ನು ಹಿಡಿದುದು ಸಣ್ಣ ಮಾತಲ್ಲ. ನಮ್ಮ ಮುಳಗುಂದದ ನಯಸೇನನು 1112ರ ‘ಧರ್ಮಾಮೃತ’ದಲ್ಲಿ ಕನ್ನಡದೊಳಗೆ ಸಂಸ್ಕೃತವನ್ನು ತುರುಕುವವರನ್ನು ಹಳಿದನು. ಆ ಹಟವು ನಂಜರಾಜನದಲ್ಲ; ಆದರೆ ಧರ್ಮಕಥೆಯು ಸಂಸ್ಕೃತ ಬಲ್ಲವರ ಸೊತ್ತಾಗಿಯೇ ಉಳಿಯಬಾರದೆಂಬ ಬುದ್ಧಿಯು ಇಬ್ಬರ ಕೆಲಸದಲ್ಲಿಯೂ ಕಾಣುವದು.

ಪರರು ತನ್ನನ್ನು ಹೊಗಳಿದ ಗ್ರಂಥದಲ್ಲಿ ಆತನು ಯಾವಾಗಲೂ ಗೆದ್ದವನು. ತಾನು ಬರೆದ ಕನ್ನಡದಲ್ಲಿ ಆತನು ಬರಿಯ ಶಿವಭಕ್ತನು. ತಿರುಚಿನಾಪಳ್ಳಿಯಲ್ಲಿ ಕಳೆದುಕೊಂಡುದನ್ನು ಮೊದಲಿನದು ಮರಳಿಸಲಾರದು. ಎರಡನೆಯದಕ್ಕೆ ಅದರ ಅಗತ್ಯವೇ ಇಲ್ಲ. ದಾನಿಗಳನ್ನು ಹೊಗಳುವದು ಸುಲಭವೆಂದರಿತ ಸಾಹಿತ್ಯಸಂಘಗಳವರು ಈ ಭೇದವನ್ನು ನೆನೆಯುವದೊಳ್ಳಿತು.