ನೀರಿನ ದಂಡೆಗುಂಟ: ಹೊಸ ರಸಿಕರಿಗೊಂದು ಕೈಪಿಡಿ

ಬಾಗಲಕೋಟೆಯ ವಿದ್ಯಾಗಿರಿಯ ಸುತ್ತಲಿನ ಸೀಮೆಯಲ್ಲಿ ಮೂರು ಹೊಳೆಗಳಿವೆ: ಕೃಷ್ಣೆ, ಘಟಪ್ರಭೆ, ಮಲಪ್ರಭೆ. ಅವುಗಳ ಜೊತೆಗೆ ಆಲಮಟ್ಟಿಯ ಹಿನ್ನೀರು, ನೀರಾವರಿ ಕಾಲುವೆಗಳು, ಬಾದಾಮಿಯ ಅಗಸ್ತ್ಯ ತೀರ್ಥ ಇವೆ. ಆದರೂ ನಾವು ಹೊಳೆಗೆ ಹೋಗುವುದು ಸ್ನಾನಕ್ಕೆ, ದೇವರಿಗೆ, ಇಲ್ಲವೆ ಸೇತುವೆಯ ಮೇಲೆ ನಿಂತು ನೆರೆ ನೋಡಲಿಕ್ಕೆ. ದಂಡೆಗುಂಟ ಸುಮ್ಮನೆ ನಡೆಯುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಬ್ರಿಟನ್ನಿನಲ್ಲಿ ಸರಕಿನ ದೋಣಿ ಎಳೆಯುವ ಕುದುರೆಗಳಿಗಾಗಿ ಕಾಲುವೆಯ ಪಕ್ಕ ಮಾಡಿದ ಹಾದಿಗಳಲ್ಲಿ ಇಂದು ಜನ ವಿಹರಿಸುತ್ತಾರೆ. ನಮ್ಮಲ್ಲಿ ಅಂಥ ಸಿದ್ಧ ಹಾದಿಯಿಲ್ಲದಿದ್ದರೂ ನೋಡುವುದಕ್ಕೇನೂ ಕೊರತೆಯಿಲ್ಲ. ಮಳೆ ಕಡಿಮೆಯಾದ ಈ ನಾಡಿನಲ್ಲಿ ನೀರು ಕಂಡಲ್ಲೆಲ್ಲ ಅದನ್ನು ಹಿಡಿದಿಟ್ಟವರ, ತಿರುಗಿಸಿದವರ, ಅದಕ್ಕಾಗಿ ಊರನ್ನೇ ಬಿಟ್ಟುಕೊಟ್ಟವರ ಗುರುತಿದೆ. ಆ ಗುರುತುಗಳನ್ನು ಓದುತ್ತ ನಡೆಯುವುದೇ ಇಲ್ಲಿನ ದಂಡೆಯ ನಡಿಗೆಯ ರಸ.

ಓದು ಬಾದಾಮಿಯಿಂದ ಶುರುವಾಗಲಿ. ಅಗಸ್ತ್ಯ ತೀರ್ಥದ ಎರಡು ಮಗ್ಗುಲಿಗೂ ಕೆಂಪು ಮರಳುಗಲ್ಲಿನ ಗುಡ್ಡಗಳಿವೆ. ಅವುಗಳ ನಡುವಿನ ಕಣಿವೆಗೆ ಏರಿ ಹಾಕಿ ಮಳೆನೀರು ನಿಲ್ಲಿಸಿದ್ದಾರೆ. ದಂಡೆಗುಂಟ ಭೂತನಾಥ ಗುಡಿಗಳತ್ತ ಸಾಗಿದರೆ, ಚಾಲುಕ್ಯರು ರಾಜಧಾನಿಗೆ ಈ ಜಾಗವನ್ನೇ ಏಕೆ ಆರಿಸಿದರೆಂಬುದು ಕಣ್ಣಿಗೇ ಕಾಣುತ್ತದೆ: ಕೋಟೆಗೆ ಗುಡ್ಡ, ಕುಡಿಯಲು ಕೆರೆ. ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಪೂರ್ವದ ಹೆಬ್ಬಾಗಿಲು ಹೊಳೆಯ ಕಡೆಗಿದೆ. ಇಂದಿನ ಪ್ರವಾಸಿ ಬೇರೆ ದಿಕ್ಕಿನಿಂದ ಬಂದು ಶಿಲ್ಪ ನೋಡಿ ಹೊರಡುತ್ತಾನೆ. ಹೊಳೆಯ ಕಡೆ ನಿಂತು ನೋಡಿದವರಿಗೆ ಮಾತ್ರ ಗುಡಿಯ ಮೋರೆ ಎತ್ತ ಇದೆ ಎಂಬುದು ತಿಳಿಯುತ್ತದೆ.

ಕಾಲುವೆಯಲ್ಲಿ ನೋಡುವುದೇನಿದೆ ಎಂದು ಕೆಲವರು ಕೇಳಬಹುದು. ಹೊಳೆ ತಗ್ಗನ್ನು ಹುಡುಕುತ್ತ ಹರಿಯುತ್ತದೆ. ಕಾಲುವೆ ಎತ್ತರ ಕಳೆದುಕೊಳ್ಳದಂತೆ ಇಳಿಜಾರಿನ ಮಗ್ಗುಲಿಗೆ ಬಳುಕುತ್ತ ಸಾಗುತ್ತದೆ. ಧೂಪದಾಳದಿಂದ ಮುಧೋಳ ಸೀಮೆಗೆ ಬರುವ ಘಟಪ್ರಭಾ ಎಡದಂಡೆ ಕಾಲುವೆಯಂಥ ಕಡೆ ಎರಡೂ ಬದಿಯ ಹೊಲಗಳನ್ನು ಹೋಲಿಸಿ ನೋಡಿ. ನೀರು ತಾನಾಗಿ ಇಳಿಯುವುದು ಕೆಳಬದಿಗೆ. ಅಲ್ಲಿ ಕಬ್ಬು ನಿಂತಿದ್ದು ಮೇಲ್ಬದಿಯಲ್ಲಿ ಜೋಳವಿದ್ದರೆ, ಆ ಅಂತರಕ್ಕೆ ಕಾಲುವೆಯ ಗೆರೆಯೇ ಕಾರಣ. ಒಂದು ಸೀಮೆಯ ಸಿರಿ ಬಡತನ ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದು.

ಬೇಸಿಗೆಯಲ್ಲಿ ಹೊಳೆ ಬತ್ತುತ್ತದಲ್ಲ ಎಂಬ ಆಕ್ಷೇಪ ನಿಜ. ಆದರೆ ಬತ್ತಿದಾಗಲೇ ಅದರ ತಳ ಕಾಣುವುದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ಶಿಲಾಯುಗದ ಕಲ್ಲಿನ ಉಪಕರಣಗಳನ್ನು ಗುರುತಿಸಿದ್ದು ಇದೇ ಮಲಪ್ರಭೆಯ ಕಣಿವೆಯಲ್ಲಿ. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳಿಗೆ ನೀರು ನುಗ್ಗಿಸಿದ ಹೊಳೆಯೂ ಇದೇ. ಎರಡೂ ರೂಪ ಕಂಡವರಿಗಷ್ಟೇ ಹೊಳೆಯ ಪೂರ್ಣ ಪರಿಚಯ.

ಇದಕ್ಕಿಂತ ಭಾರವಾದ ಆಕ್ಷೇಪ ಹಿನ್ನೀರಿನದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ನೀರು ಹಳೆಯ ಬಾಗಲಕೋಟೆಯ ಬಹುಭಾಗವನ್ನು, ಅನೇಕ ಹಳ್ಳಿಗಳನ್ನು ನುಂಗಿತು; ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಬಂದರು. ಮುಳುಗಡೆಯ ನೋವಿನ ಮೇಲೆ ನಿಂತು ಸೊಬಗು ಸವಿಯುವುದು ಸರಿಯೇ? ನೋವನ್ನು ಮರೆತು ಸವಿದರೆ ಸರಿಯಲ್ಲ. ಚಿಕ್ಕಸಂಗಮದ ಹಿನ್ನೀರಿನಲ್ಲಿ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡುವಾಗ ಕೆಳಗೆ ಹೊಲ ಮನೆಗಳಿದ್ದವೆಂಬ ಅರಿವೂ ಇರಬೇಕು. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಬಾವಿಯಂಥ ಗೋಡೆ ಕಟ್ಟಿ ಉಳಿಸಿಕೊಂಡಿದ್ದಾರೆ: ಹೊರಗೆ ನೀರು, ಒಳಗೆ ಮೆಟ್ಟಿಲಿಳಿದು ಹೋಗುವ ಮಂಟಪ. ಕಳೆದುಕೊಂಡದ್ದನ್ನೂ ಉಳಿಸಿಕೊಂಡದ್ದನ್ನೂ ಅಲ್ಲಿ ಒಟ್ಟಿಗೇ ನೋಡಬಹುದು.

ಕಾರ್ತಿಕದಿಂದ ಮಾಘದವರೆಗೆ, ಬಿಸಿಲೇರುವ ಮುನ್ನ, ಒಂದೇ ದಂಡೆಯನ್ನು ಹಿಡಿದು ನಿಧಾನ ನಡೆಯಿರಿ. ಕಾಲುವೆಯ ಜಾರುವ ಇಳಿಜಾರಿಗೆ ಇಳಿಯಬೇಡಿ, ಬೆಳೆ ತುಳಿಯಬೇಡಿ, ಹೊಲದವರನ್ನು ಕೇಳಿಯೇ ಅವರ ಬದುವಿನ ಮೇಲೆ ಹೋಗಿರಿ. ದಂಡೆ ಒತ್ತುವರಿಯಾದದ್ದು, ಊರಿನ ಹೊಲಸು ನೀರು ಹೊಳೆ ಸೇರುವುದು ಕಂಡರೆ ಪಂಚಾಯಿತಿಗೆ ಹೇಳಿರಿ. ದಂಡೆಯಲ್ಲಿ ನಡೆಯುವವರು ಹೆಚ್ಚಿದಷ್ಟೂ ಹೊಳೆಯ ಪರವಾಗಿ ಮಾತಾಡುವವರು ಹೆಚ್ಚುತ್ತಾರೆ.