ಫೋಸ್ಕೊ ಮರಾಯಿನಿಯವರ ಛಾಯಾಚಿತ್ರಗಳು

ಪರನಾಡಿನಲ್ಲಿ ನೆಲಸಿ ತನ್ನ ನುಡಿಯನ್ನು ಕಲಿಸಿದವನು ತೆಗೆದ ಚಿತ್ರಗಳು ಪ್ರವಾಸಿಯ ಚಿತ್ರಗಳಿಗಿಂತ ಭಿನ್ನವೇ? ಇಟಲಿಯ ಫೋಸ್ಕೊ ಮರಾಯಿನಿಯವರ (1912–2004) ಛಾಯಾಚಿತ್ರಗಳು ಈ ಪ್ರಶ್ನೆಯನ್ನೆತ್ತುತ್ತವೆ. 1938ರಲ್ಲಿ ಜಪಾನಿಗೆ ತೆರಳಿದ ಇವರು ಮುಂದೆ ಕ್ಯೋಟೊ ವಿಶ್ವವಿದ್ಯಾನಿಲಯದಲ್ಲಿ ಇಟಾಲಿಯನ್ ಬೋಧಿಸಿದರು; 1943ರಲ್ಲಿ ಸಂಸಾರಸಮೇತ ಬಂಧನಕ್ಕೊಳಗಾದರು. ಯುದ್ಧಾನಂತರ ಮರಳಿ ಹೋಗಿ, 1954ರಲ್ಲಿ ಹೆಕುರಾ ದ್ವೀಪದ ‘ಅಮಾ’ ಸ್ತ್ರೀಯರು ಕಡಲಾಳಕ್ಕೆ ಮುಳುಗಿ ಚಿಪ್ಪುಜೀವಿಗಳನ್ನು ಆಯುವುದನ್ನು ಚಿತ್ರಿಸಿದರು. ಆ ಚಿತ್ರಗಳಲ್ಲಿ ದುಡಿಮೆಯ ಗಾಂಭೀರ್ಯವಿದೆ. ಆದರೆ ಬರಹದಿಂದ ಬೇರ್ಪಡಿಸಿ ನೋಡಿದಾಗ ಅರೆನಗ್ನ ದೇಹದ ಸೊಬಗೇ ಮುಂದಾಗಿ, ದುಡಿಯುವವಳು ಹಿಂದಾಗುವಳು. ಆ ನಾಡಿನ ನುಡಿಯನ್ನು ಬಲ್ಲವರ ಚಿತ್ರಕ್ಕೂ ಈ ಅಪಾಯ ತಪ್ಪಿದ್ದಲ್ಲ. ಭಾಷಾಜ್ಞಾನವು ಬಾಗಿಲನ್ನು ತೆರೆಸೀತು. ಕಣ್ಣನ್ನು ತಾನಾಗಿ ತಿದ್ದದು. ಆದುದರಿಂದ ಇವರ ಚಿತ್ರಗಳನ್ನು ಇವರ ಬರಹದೊಡನೆಯೇ ಪರಿಶೀಲಿಸಬೇಕೆಂಬುದು ನಮ್ಮ ಅಭಿಪ್ರಾಯ.